ಹನ್ನೊಂದು ಸೊನ್ನೆ

ಕರೆಂಟ್ ಹೋಯಿತೋ ಏನೋ, ಇಲ್ಲ, ಬಂತು, ಫ್ಯಾನಿನ ರೆಕ್ಕೆಗಳು ಒಂದು ಕ್ಷಣ ಬೇರೆಬೇರೆಯಾಗಿ ಕಂಡು ಮತ್ತೆ ಕಲಸಿಕೊಂಡವು, ಕೆಳಗೆ ಅಪ್ಪನ ಎಣ್ಣೆ ಮಿಲ್ಲಿನಿಂದ ಬಿಸಿ ಶೇಂಗಾ ಹಿಂಡಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ವಾಸನೆ ಗೊತ್ತೇ ಆಗುವುದಿಲ್ಲ, ನನಗೆ ಇವತ್ತು ಯಾಕೋ ಗೊತ್ತಾಗುತ್ತಿದೆ, ಗಂಟೆ ಒಂದೂವರೆ, ನಾಲ್ಕಕ್ಕೆ ಟೇಬಲ್ ಕಳಿಸಬೇಕು, ನಾಲ್ಕಕ್ಕೆ ಅಂದರೆ ನಾಲ್ಕಕ್ಕೆ, ನಮ್ಮ ಯೋಜನೆಯ ಮುಖ್ಯಸ್ಥರು ಓಂಕಾರಮೂರ್ತಿ ಸರ್ ಬೆಳಿಗ್ಗೆಯೇ ಫೋನು ಮಾಡಿ, ನೋಡಮ್ಮ ದಾಕ್ಷಾಯಿಣಿ, ಸಮಿತಿಯೋರು ಬರೀ ಒಂದು ನಂಬರ್ ಕೊಟ್ರೆ ಒಪ್ಪಲ್ಲ ಅಂತಿದಾರೆ, ಇಲ್ಲಿತನ್ಕ ಮಾಡಿರೋ ಪ್ರಯೋಗ ಎಲ್ಲಾ ಒಂದು ಟೇಬಲ್ ಮಾಡಿ ಕಳ್ಸಬೇಕಂತೆ, ಎಲ್ಲಾ ಅಂದ್ರೆ ಎಲ್ಲಾ ಎಂದರು, ಆಗಲಿ ಸಾರ್ ಎಂದೆ, ಅದೇನು ಮಹಾ, ಪೈಥಾನಿನಲ್ಲಿ ನಾಲ್ಕು ಸಾಲು, ಒಂದು ಲೋಟ ಕಾಫಿ ಆರುವುದರೊಳಗೆ ಆಗುವ ಕೆಲಸ ಎಂದುಕೊಂಡಿದ್ದೆ, ಜಂಭ, ಎಲ್ಲ ಜಂಭ. ಊಟಕ್ಕೆ ಬಾರೇ ದಾಕ್ಷಿ, ಮುದ್ದೆ ಆರಿ ಕಲ್ಲಾಗ್ತೈತೆ, ಅವ್ವ ಕೂಗುತ್ತಿದ್ದಾಳೆ, ಬರ್ತೀನಿ ಅಂದೆ, ಹೋಗುವುದಿಲ್ಲ. ದನದ ಮೂಗು ಫೋಟೋ ಹಿಡಿಯಾಕೆ ಎಂ.ಟೆಕ್ ಓದ್ಬೇಕಿತ್ತೇನವ್ವಾ ಎಂದು ಅಪ್ಪ ಮಿಲ್ಲಿಗೆ ಬಂದವರ ಮುಂದೆಲ್ಲ ಕೇಳುತ್ತಾರೆ, ಅವರು ನಗುತ್ತಾರೆ, ನಾನೂ ನಗುತ್ತೇನೆ, ಒಳಗೊಳಗೆ ಮಾತ್ರ ನನಗೆ ಆ ಕೆಲಸದ ಮೇಲೆ ಜೀವವೇ ಇತ್ತು.

ದನದ ಮೂಗು ನೋಡಿದವರು ಎಷ್ಟು ಜನ ಇದ್ದಾರೆ, ಹತ್ತಿರದಿಂದ, ಒದ್ದೆಯಾಗಿರುವಾಗ, ಅದರ ಮೇಲಿನ ಗೆರೆ ಗುಳ್ಳೆಗಳು ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ, ಒಂದರ ಹಾಗೆ ಇನ್ನೊಂದಿಲ್ಲ, ಅದನ್ನು ಯಂತ್ರಕ್ಕೆ ಕಲಿಸಿದರೆ ಕಿವಿ ಚುಚ್ಚುವ ಅಗತ್ಯವೇ ಇಲ್ಲ, ಅಷ್ಟೇ ನನ್ನ ಯೋಚನೆ. ದನ ಮೇಯುವ ಕಾವಲಿನ ಸುತ್ತ ಗೋಡೆ ಎದ್ದಿದೆ, ಗೇಟು ಒಂದೇ, ಅದರ ಬೀಗ ಕಾವಲಿನ ಸಮಿತಿಯದು, ಗುರುತಿರುವ ದನಕ್ಕೆ ಮಾತ್ರ ಒಳಗಿನ ಹುಲ್ಲು, ಗುರುತೆಂದರೆ ಕಿವಿಯೋಲೆ, ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆ, ಹನ್ನೆರಡು ಅಂಕಿ, ಇಕ್ಕಳದಲ್ಲಿ ಕಿವಿಯನ್ನು ತೂತು ಮಾಡಿ ಸಿಗಿಸುತ್ತಾರೆ, ಎಲ್ಲರ ದನಕ್ಕೂ ಹಾಕಿದ್ದಾರೆ, ಬಿ.ಜಿ. ಕೆರೆ ಊರಾಚೆ ಮುಳ್ಳುಬೇಲಿಯ ದೊಡ್ಡಿಯಿದೆ, ರೊಪ್ಪ, ಅಲ್ಲಿನ ದನಕ್ಕೆ ಮಾತ್ರ ಆಗಿಲ್ಲ, ಅವು ದೇವರ ದನ, ನೊಗ ಕಂಡವಲ್ಲ, ಸಂತೆ ಕಂಡವಲ್ಲ, ಕಾಯುವ ಕಿಲಾರಿ ಯರ್ರಪ್ಪ, ಎಪ್ಪತ್ತು ದಾಟಿದವನು, ಓಲೆ ಹಾಕಲು ಬಂದವರ ಮುಂದೆ ಬಾರೆಮುಳ್ಳಿನ ಬೇಲಿಗೆ ಅಡ್ಡ ಮಲಗಿಬಿಟ್ಟನಂತೆ. ನಾನು ಹೋದಾಗ ಮೊದಲು ಚಪ್ಪಲಿ ಬಿಡಿಸಿದ, ಆಮೇಲೆ ಮಾತಾಡಿಸಿದ, ಯಾರ ಮಗಳಮ್ಮಾ, ಚಳ್ಳಕೆರೆ ಎಣ್ಣೆ ಮಿಲ್ಲು ಹಾಲೇಶಪ್ಪೋರ ಮಗಳು, ಓಹೋ ನಮ್ ಕಡೆಯೋಳೇ, ಬಾ, ದನಗಳ ಜೊತೆ ತೆಲುಗು, ನನ್ನ ಜೊತೆ ಕನ್ನಡ, ರಾ ತಲ್ಲಿ ರಾ ಎಂದರೆ ಸಾಕು ಎಂಥ ಹಸುವೂ ಮಣೆ ಹಾಕಿ ಕರೆದ ಹಾಗೆ ಬಂದು ನಿಲ್ಲುತ್ತಿತ್ತು, ನನಗೆ ಇಟ್ಟ ಹೆಸರು ಮೂಗಿನಮ್ಮ. ಆಗ ಹೇಳಿದೆ, ನಾನೇ ಹೇಳಿದೆ, ಯಾರೂ ಹೇಳಿಸಿದ್ದಲ್ಲ, ಯರ್ರಪ್ಪಾ, ಕಿವಿ ಮುಟ್ಟೋದಿಲ್ಲ, ಮೂಗಿನ ಫೋಟೋ ಸಾಕು, ಮಾತು ಕೊಡ್ತೀನಿ. ಸಮಿತಿ ಒಂದು ಷರತ್ತು ಹಾಕಿತ್ತು, ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿ ಗುರುತು ಹಿಡಿದರೆ ಈ ಹಿಂಡಿಗೆ ಮೂಗು, ಇಲ್ಲದಿದ್ದರೆ ಓಲೆ. ತೊಂಬತ್ತೈದು ತಾನೇ, ಎಂದಿದ್ದೆ.

ಸರಿ, ಟೇಬಲ್. ಹತ್ತು ತಿಂಗಳಲ್ಲಿ ಇನ್ನೂರ ಹದಿನಾಲ್ಕು ರನ್, ಒಂದು ರನ್ ಎಂದರೆ ಒಂದು ಸಲ ಯಂತ್ರಕ್ಕೆ ಪಾಠ, ಒಂದು ಸಲ ಪರೀಕ್ಷೆ, ಯಾವ ದಿನ ಮಾಡಿದ್ದು, ಯಾವ ಫೋಟೋಗಳು, ಪಾಠ ಎಷ್ಟು ಸಲ ತಿರುವಿದ್ದು, ಎಷ್ಟು ಸರಿ, ನಾನು ಮರೆತರೂ ಎಲ್ಲ ತಾನಾಗಿ ದಾಖಲಾಗಿದೆ, ಪ್ರಯೋಗದ ಹೆಸರು ಕೊಟ್ಟು ಹುಡುಕು ಎಂದ ಕೂಡಲೇ ಒಂದರ ಕೆಳಗೊಂದು ಬಂದು ಕೂತವು, ಇನ್ನೂರ ಹದಿನಾಲ್ಕು ಸಾಲು, ಕೆಲವು ಕಡೆ ಖಾಲಿ, ಅವು ಕರೆಂಟ್ ಹೋಗಿ ಸತ್ತ ರನ್ನುಗಳು, ಪಾಠ ತಿರುವಿದ ಸಂಖ್ಯೆಯ ಪ್ರಕಾರ ಜೋಡಿಸಿದರೆ ಒಂಬತ್ತಕ್ಕಿಂತ ಮೊದಲು ನೂರು ಬಂತು, ಯಂತ್ರಕ್ಕೆ ಅದು ಬರೀ ಅಕ್ಷರ, ಅಕ್ಷರವಲ್ಲ, ಸಂಖ್ಯೆ ಕಣೋ ಎಂದು ಹೇಳಿಕೊಡಬೇಕು, ಹೇಳಿಕೊಟ್ಟೆ. ಅಂಕದ ಪ್ರಕಾರ ಜೋಡಿಸಿದೆ, ಮೇಲ್ಗಡೆ ತೊಂಬತ್ತೇಳು, ನಾನು ಹೋದ ವರದಿಯಲ್ಲಿ ಬರೆದು ಚಪ್ಪಾಳೆ ಗಿಟ್ಟಿಸಿದ ತೊಂಬತ್ತೇಳು, ಪಕ್ಕದ ಕಾಲಂ ನೋಡಿದೆ, ಫೋಟೋಗಳನ್ನು ಹೇಗೆ ಹಂಚಿದ್ದು ಎಂಬ ಕಾಲಂ, ಕಲಸಿ, ಎಂದಿತ್ತು. ಕಲಸಿ. ಅಂದರೆ ಒಂದೇ ಬೆಳಿಗ್ಗೆ ಒಂದೇ ಹಸುವಿನ ಮುಂದೆ ಕೂತು ತೆಗೆದ ಎರಡು ಫೋಟೋಗಳಲ್ಲಿ ಒಂದು ಪಾಠಕ್ಕೆ, ಒಂದು ಪರೀಕ್ಷೆಗೆ, ಬೋರ್ಡಿನ ಮೇಲೆ ಉತ್ತರ ಬರೆದಿಟ್ಟು ಪ್ರಶ್ನೆ ಕೇಳಿದ ಹಾಗೆ, ಆಗ ರೊಪ್ಪಕ್ಕೆ ಎರಡನೇ ಸುತ್ತು ಹೋಗಿ ಫೋಟೋ ತೆಗೆದು ವಾರವೂ ಆಗಿರಲಿಲ್ಲ, ಆತುರದಲ್ಲಿ ಎಲ್ಲ ಕಲಸಿಬಿಟ್ಟಿದ್ದೆ, ಆತುರ ಎಂದು ನಾನೇ ಹೆಸರಿಟ್ಟುಕೊಂಡರೆ ಆಯಿತೇ, ಮುಖ ಬಿಸಿಯಾಯಿತು, ಒಬ್ಬಳೇ ಕೂತಿದ್ದರೂ ನಾಚಿಕೆಯಾಯಿತು. ನಿಜವಾದ ಪರೀಕ್ಷೆ ಬೇರೆ, ಕಾರ್ತಿಕದ ಮೊದಲ ಸುತ್ತಿನ ಫೋಟೋದಲ್ಲಿ ಕಲಿತು ಯುಗಾದಿಯಾದ ಮೇಲಿನ ಎರಡನೇ ಸುತ್ತಿನ ಫೋಟೋ ನೋಡಿ ಹೇಳಬೇಕು, ಗೇಟಿನಲ್ಲಿ ನಡೆಯುವುದೂ ಅದೇ, ಸಮಿತಿಯ ಕೈಯಲ್ಲಿರುವುದು ಮೊದಲ ಸುತ್ತಿನ ಪಟ್ಟಿಯೇ. ಅಂಥವನ್ನು ಮಾತ್ರ ಸೋಸಿದೆ, ಮೂವತ್ತೊಂದು ರನ್ ಉಳಿದವು, ಮೇಲಿನದು ಎಪ್ಪತ್ತೊಂಬತ್ತು, ಅದರ ಕೆಳಗೆ ಎಪ್ಪತ್ತೊಂಬತ್ತು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ನಾನು ಏನೇ ಬದಲಾಯಿಸಿರಲಿ ಅಲ್ಲಿಗೇ ಬಂದು ನಿಂತಿದೆ, ಒಂದು ಕೂದಲೆಳೆ ಮೇಲೆ ಹೋಗಿಲ್ಲ. ಇದೇನು, ಹಠ ಹಿಡಿದ ಹಾಗೆ.

ಸರಾಸರಿಯನ್ನು ನಂಬಬೇಡ ಎಂದು ನಾನೇ ಊರಿಗೆಲ್ಲ ಪಾಠ ಹೇಳುತ್ತೇನೆ, ಒಂದೊಂದು ದನಕ್ಕೂ ಬೇರೆಬೇರೆ ಅಂಕ ದಾಖಲಿಸಿದ್ದೆನಲ್ಲ, ಬೋರಿಗೆ ಒಂದು ಕಾಲಂ, ಗಂಗಿಗೆ ಒಂದು, ಮಚ್ಚೆಸೂರನಿಗೆ ಒಂದು, ಅರವತ್ತಮೂರು ಹೆಸರು ಅರವತ್ತಮೂರು ಕಾಲಂ, ನಮ್ ಅರವತ್ಮೂರು ಪುರಾತನರು ಇದ್ದಂಗೈತಲ್ಲೇ ಎಂದು ಅವ್ವ ಕೈ ಮುಗಿದಿದ್ದಳು, ಅವನ್ನೂ ಎಳೆದುಕೊಂಡು ಬಾ ಎಂದೆ, ಬಂದವು, ಪರದೆಯ ಅಗಲ ಸಾಲದೆ ಪಕ್ಕಕ್ಕೆ ಸರಿಸುತ್ತಾ ಹೋದೆ, ಗಂಗಿ ತೊಂಬತ್ತೆಂಟು, ಮಲ್ಲಿಗೆ ನೂರು, ಚುಕ್ಕಿ ತೊಂಬತ್ತಾರು, ಬೋರಿ ಸೊನ್ನೆ. ಸೊನ್ನೆ ಎಂದರೆ ಕೆಳಗಿನವರೆಗೂ ಸೊನ್ನೆ, ಮೂವತ್ತೊಂದು ರನ್ನಿನಲ್ಲೂ ಯಂತ್ರ ಒಂದೇ ಒಂದು ಸಲ ಬೋರಿಯನ್ನು ಬೋರಿ ಎಂದಿಲ್ಲ, ಕಣ್ಣು ಮುಚ್ಚಿ ಹೇಳಿದ್ದರೂ ಒಂದೆರಡು ಸರಿಯಾಗಬೇಕಿತ್ತು, ಮತ್ತೆ ಸರಿಸಿದೆ, ಮಚ್ಚೆಸೂರ ಸೊನ್ನೆ, ಕೆಂದಿ ಸೊನ್ನೆ, ಎಣಿಸಿದೆ, ಹನ್ನೊಂದು. ಹನ್ನೊಂದನ್ನು ಬಿಟ್ಟು ಉಳಿದ ಐವತ್ತೆರಡರ ಸರಾಸರಿ ತೆಗೆ ಎಂದೆ, ತೊಂಬತ್ತಾರು ಎಂದಿತು, ತೊಂಬತ್ತಾರು! ಕುರ್ಚಿಯಿಂದ ಎದ್ದೇಬಿಟ್ಟೆ, ನನ್ನ ಯಂತ್ರ ಸರಿಯಿದೆ, ನಾನು ಸುಳ್ಳಲ್ಲ, ಅವ್ವಾ ಎಂದು ಕೂಗಿ ಮುದ್ದೆ ಬಡಿಸಲು ಹೇಳಬೇಕೆನ್ನಿಸಿತು, ಈ ಹನ್ನೊಂದರ ಫೋಟೋಗಳಲ್ಲಿ ಏನೋ ಕೆಟ್ಟಿದೆ, ಬೆಳಕು ಕಮ್ಮಿ ಇರಬೇಕು, ಹೊಸದಾಗಿ ತೆಗೆದರಾಯಿತು, ಅಷ್ಟೇ ತಾನೇ, ಯರ್ರಪ್ಪನಿಗೆ ಕೊಟ್ಟ ಮಾತು ಉಳಿಯಿತು. ಐದು ನಿಮಿಷ ಇದ್ದಿರಬೇಕು ಆ ಸಂತೋಷ, ಐದು ನಿಮಿಷವೂ ಇಲ್ಲ.

ಯಂತ್ರಕ್ಕೆ ಕೊಡುವಾಗ ಮೂಗಷ್ಟನ್ನೇ ಕತ್ತರಿಸಿ ಕೊಡುತ್ತೇವೆ, ಪೂರ್ತಿ ಫೋಟೋವನ್ನು ನಾನು ತೆಗೆದ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ, ಈಗ ತೆರೆದೆ, ಬೋರಿ, ಮೊದಲ ಸುತ್ತು, ಎಡಗೊಂಬು ತುದಿ ಮುರಿದದ್ದು, ಕತ್ತಿನ ತೊಗಲು ಜೋಲು, ಬೋರಿ, ಎರಡನೇ ಸುತ್ತು, ಎರಡು ಕೊಂಬೂ ನೆಟ್ಟಗೆ, ಎಳೆಯ ಮುಖ, ಮುರಿದ ಕೊಂಬು ಬೆಳೆಯುವುದುಂಟೇ, ಇದು ಬೋರಿಯಲ್ಲ, ಇದು ಬೇರೆ ಹಸು. ಕೆಂದಿಯೂ ಬೇರೆ, ಮಚ್ಚೆಸೂರನ ಮಚ್ಚೆಯೇ ಇಲ್ಲ, ಹನ್ನೊಂದಕ್ಕೆ ಹನ್ನೊಂದೂ ಬೇರೆ. ಆ ಚಳಿಗಾಲ ತಾಲ್ಲೂಕೆಲ್ಲ ಚರ್ಮಗಂಟು ರೋಗ ಬಂದಿತ್ತಲ್ಲ, ದಾರಿಯ ಬದಿಯಲ್ಲೆಲ್ಲ ಗುಂಡಿ ತೋಡಿದ್ದರು, ಎರಡನೇ ಸುತ್ತಿಗೆ ಹೋದಾಗ ನಿಮ್ ಕಡೆ ಹೆಂಗೈತೆ ಯರ್ರಪ್ಪಾ ಎಂದೆ, ದೇವ್ರು ಕಾಯ್ತಾನಮ್ಮಾ ಎಂದು ಬೇರೆ ಕಡೆ ನೋಡಿದ, ಬೋರಿ ಬಂದು ನಿಂತಾಗ ನನಗೆ ಏನೋ ಅನ್ನಿಸಿತು, ಖಂಡಿತ ಅನ್ನಿಸಿತು, ಇವ್ಳು ಬೋರೀನಾ ಎಂದೆ, ಬೋರೀನೇ ಎಂದ, ಅಲ್ಲಿಗೆ ಬಾಯಿ ಮುಚ್ಚಿಕೊಂಡೆ, ದೇವರ ದನವನ್ನು ಎಷ್ಟಿವೆ ಎಂದು ಎಣಿಸಬಾರದು, ಸತ್ತಿತೇ ಎಂದು ಕೇಳಬಾರದು, ಚಿಕ್ಕವಳಿದ್ದಾಗಿನಿಂದ ಕೇಳಿ ಬೆಳೆದವಳು ನಾನು, ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಬಂದ ಯಾವಳಾದರೂ ಆಗಿದ್ದರೆ ಮುಖ ಮೂತಿ ನೋಡದೆ ಕೇಳಿರುತ್ತಿದ್ದಳು, ಇದು ಹಳೆಯ ಹಸುವೇ ಎಂದು, ಪಟ್ಟಿಯಲ್ಲಿ ಗೀಟು ಎಳೆದಿರುತ್ತಿದ್ದಳು, ನಾನು ಊರಿನವಳು, ನನಗೆ ಮರ್ಯಾದೆ ಗೊತ್ತು, ನನ್ನ ಮರ್ಯಾದೆಗೆ ಬೆಂಕಿ ಬೀಳಲಿ. ಇನ್ನೊಂದು ಕಾಣುತ್ತಿದೆ ಈ ಎರಡನೇ ಸುತ್ತಿನ ಫೋಟೋಗಳಲ್ಲಿ, ಹನ್ನೊಂದರಲ್ಲೂ ಒಂದು ಕೈ ಇದೆ, ಯರ್ರಪ್ಪನ ಕೈ, ದನದ ಬಲಗಿವಿಯ ಮೇಲೆ ಅಂಗೈ ಇಟ್ಟು ಮುಚ್ಚಿದ್ದಾನೆ, ಉಳಿದ ಐವತ್ತೆರಡರಲ್ಲಿ ಆ ಕೈ ಇಲ್ಲ.

ಫೋನು ಮಾಡಿದೆ. ಯಾರು, ನಾನು ದಾಕ್ಷಾಯಿಣಿ, ಓ ಮೂಗಿನಮ್ಮಾ, ಉಂಡ್ಯಾ, ಎಂದ, ಹಿಂದೆ ಗಂಟೆ ಸದ್ದು, ಮೇಯಿಸುತ್ತಿರಬೇಕು. ಯರ್ರಪ್ಪಾ, ಬೋರಿ ಹೋಗ್ಬಿಟ್ಲಾ ಎಂದು ಕೇಳಿಯೇಬಿಟ್ಟೆ, ಬೋರಿ ನನ್ ಮುಂದ್ಲೇ ಐತಮ್ಮಾ ಎಂದ. ಹಳೇ ಬೋರಿ ಎಂದೆ. ಹಳೇದು ಹೊಸ್ದು ಅಂತ ಇರಲ್ಲಮ್ಮಾ, ಬೋರಿ ಅಂದ್ರೆ ಬೋರೀನೇ, ನಮ್ ತಾತನ ಕಾಲ್ದಿಂದ ಅರವತ್ಮೂರು ಹೆಸ್ರು, ಒಂದು ಕಮ್ಮಿಯಿಲ್ಲ ಒಂದು ಜಾಸ್ತಿಯಿಲ್ಲ, ಒಂದು ಮಣ್ಣಾದ್ರೆ ಹೆಸ್ರು ಮಣ್ಣಾಗಬಾರ್ದು, ಅವತ್ತೇ ಹೆಸ್ರಿಲ್ದಿರೋ ಎಳೇ ದನಾನ ಹಿಡಿದು ಕಿವೀಲಿ ಹೇಳ್ತೀವಿ, ಹೇಳಿದ್ಮೇಲೆ ಒಂದು ವರ್ಷ, ಹೊರಗಿನೋರು ಯಾರು ಮುಂದೆ ಬಂದ್ರೂ ಆ ಕಿವಿ ಮುಚ್ಚಬೇಕು, ಹೆಸ್ರು ನಿಲ್ಲೋತನ್ಕ, ತೂತು ಬಿದ್ರೆ ಎಲ್ಲಿ ನಿಲ್ತೈತೆ ನೀನೇ ಹೇಳು, ನಿಂಗೆ ಇವೆಲ್ಲಾ ಗೊತ್ತೈತೆ ಅನ್ಕಂಡಿದ್ದೆ, ನಮ್ ಕಡೆಯೋಳಲ್ವಾ. ನನಗೆ ಗೊತ್ತಿರಲಿಲ್ಲ ಯರ್ರಪ್ಪಾ. ನಾನು ಊರಿನವಳೆಂದು ಅವನು ಹೇಳಲಿಲ್ಲ, ಊರಿನವಳೆಂದು ನಾನು ಕೇಳಲಿಲ್ಲ. ಸತ್ತೈತೆ ಅಂತ ಎಲ್ಲೂ ಬರೀಬ್ಯಾಡಮ್ಮಾ ಎಂದ, ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ, ಬರೀಬ್ಯಾಡ, ಕೈ ಮುಗೀತೀನಿ, ಮತ್ತೆ ಅದೇ ಉಸಿರಿನಲ್ಲಿ, ಗೇಟು ಯಾವಾಗ ತೆಗೀತಾರಮ್ಮಾ, ಕಿವಿ ಮುಟ್ಟಲ್ಲ ಅಂದಿದ್ದಿ, ನೀನು ಐದೀಯಲ್ಲ, ನಂಗೇನು ಭಯ. ನೋಡ್ತೀನಿ ಯರ್ರಪ್ಪಾ ಎಂದು ಇಟ್ಟುಬಿಟ್ಟೆ, ಎಪ್ಪತ್ತೊಂಬತ್ತರ ಮಾತು ಹೇಳಲಿಲ್ಲ, ಹೇಳುವ ಧೈರ್ಯ ನನಗೆ ಬರಲಿಲ್ಲ.

ಏನು ನೋಡುವುದು, ನೋಡುವುದಕ್ಕೇನಿದೆ. ಹನ್ನೊಂದು ಸತ್ತಿವೆ, ಯಂತ್ರ ತೊಂಬತ್ತಾರು ಎಂದು ಬರೆದೆನೆನ್ನಿ, ಸಮಿತಿಯ ಕಾಗದದ ಮೂರನೇ ಷರತ್ತು ಬಾಯಿಪಾಠ ಬರುತ್ತದೆ, ಪಟ್ಟಿಯಲ್ಲಿರುವ ದನದ ಹೆಸರಿನಲ್ಲಿ ಬೇರೊಂದು ದನವನ್ನು ತೋರಿಸಿದ್ದು ಕಂಡುಬಂದಲ್ಲಿ ಸೌಲಭ್ಯ ರದ್ದು, ಇಡೀ ಹಿಂಡಿಗೆ ಓಲೆ, ಕಾಯುವವನ ಮೇಲೆ ಕ್ರಮ, ಅವರಿಗಿದ್ದ ಭಯವೇ ಅದು, ಬೇರೆಯವರ ದನ ತಂದು ಮೇಯಿಸುತ್ತಾರೆ ಎಂದು, ಯರ್ರಪ್ಪ ಕಳ್ಳನಾಗುತ್ತಾನೆ, ಹುಟ್ಟಿದಾಗಿನಿಂದ ರೊಪ್ಪದೊಳಗೆ ಚಪ್ಪಲಿ ಮೆಟ್ಟದವನು ಈ ವಯಸ್ಸಿನಲ್ಲಿ ಕಳ್ಳನಾಗುತ್ತಾನೆ. ಬರೆಯದೇ ಬಿಟ್ಟೆನೆನ್ನಿ, ಎಪ್ಪತ್ತೊಂಬತ್ತು, ಯಂತ್ರ ದಂಡ, ಓಲೆ. ಕಲಸಿ ಎಂಬ ಕಾಲಮ್ಮನ್ನು ಅಳಿಸಿ ತೊಂಬತ್ತೇಳನ್ನೇ ಕಳಿಸಿದೆನೆನ್ನಿ, ಒಂದು ಸಾಲಿನ ಕೆಲಸ, ಬೆರಳು ಕೀಲಿಯ ಮೇಲೆ ಹೋಗಿಯೂ ಇತ್ತು, ಗೇಟು ತೆಗೆದ ಮೊದಲ ದಿನವೇ ಹನ್ನೊಂದು ದನ ಹೊರಗೆ ಉಳಿಯುತ್ತವೆ, ಇದ್ಯಾವ್ದು ದನ ಎಂದು ಎಲ್ಲರೆದುರು ಕೇಳುತ್ತಾರೆ, ಅವನು ಬೋರಿ ಎನ್ನುತ್ತಾನೆ. ಯಾವ ಕಡೆಯಿಂದ ಬಂದರೂ ಕಿವಿಗೇ ಬಂದು ನಿಲ್ಲುತ್ತದೆ, ಉಳಿಸುವುದಕ್ಕೆ ಅವನ ಹೆಸರೊಂದಿದೆ, ಇನ್ನೇನೂ ಇಲ್ಲ. ಗಂಟೆ ಮೂರೂ ಮುಕ್ಕಾಲು. ಕಲಸಿದ ರನ್ನುಗಳನ್ನು ಕಲಸಿ ಎಂದೇ ತೋರಿಸಿ, ಮೂವತ್ತೊಂದನ್ನು ಮೇಲಿಟ್ಟು, ಹೆಸರಿನ ಅರವತ್ತಮೂರು ಕಾಲಮ್ಮುಗಳನ್ನೂ ತೆಗೆದುಹಾಕಿದೆ, ಯಾರ ಕಣ್ಣಿಗೂ ಆ ಸೊನ್ನೆಗಳು ಬೀಳದ ಹಾಗೆ, ಹೋದ ವರದಿಯ ಅಂಕ ತಪ್ಪು, ತಪ್ಪು ನನ್ನದು, ಯಂತ್ರಕ್ಕೆ ದನಗಳನ್ನು ಗುರುತಿಸಲು ಆಗುತ್ತಿಲ್ಲ ಎಂದು ಕೆಳಗೆ ಬರೆದೆ, ಆಗುತ್ತದೆ, ಎಷ್ಟು ಚೆನ್ನಾಗಿ ಆಗುತ್ತದೆ, ನಾನು ಗುರುತಿಸದೇ ಹೋದ ಸಾವನ್ನು ಅದು ಮೂವತ್ತೊಂದು ಸಲ ಗುರುತಿಸಿದೆ, ಅಳು ಬಂತು, ಕಳಿಸಿದೆ.

ಓಂಕಾರಮೂರ್ತಿ ಸರ್ ಹತ್ತೇ ನಿಮಿಷದಲ್ಲಿ ಫೋನು ಮಾಡಿದರು, ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಎಪ್ಪತ್ತೊಂಬತ್ತಾ, ಹೋಗ್ಲಿ ಬಿಡಮ್ಮ, ಪ್ರಯತ್ನ ಅಂತೂ ಮಾಡಿದ್ವಿ, ಸಮಿತಿಯೋರಿಗೂ ಇದೇ ಬೇಕಾಗಿತ್ತು ಕಾಣುತ್ತೆ, ಸೋಮವಾರನೇ ಓಲೆ ಹಾಕೋರನ್ನ ಕಳಿಸ್ತಾರಂತೆ, ಸರಿ ಸಾರ್, ಅಲ್ಲಮ್ಮ, ಒಂದು ವಿಷಯ, ಆ ಮುದುಕ ಯಾರನ್ನೂ ಹತ್ತಿರ ಬಿಡಲ್ವಲ್ಲ, ನಿನ್ ಮಾತಾದ್ರೆ ಕೇಳ್ತಾನೆ, ನೀನೂ ಜೊತೆಗೆ ಹೋಗ್ಬಿಡು, ಸ್ವಲ್ಪ ಸಮಾಧಾನ ಹೇಳಿ ಹಿಡ್ಕೋ ಅಷ್ಟೇ, ಹಾಂ ಎಂದೆನೋ ಹೂಂ ಎಂದೆನೋ. ಸೋಮವಾರ ಏಳು ಗಂಟೆಯ ಬಸ್ಸು, ಬಿ.ಜಿ. ಕೆರೆಯಲ್ಲಿ ಇಳಿಯುವುದು, ಬಾರೆಮುಳ್ಳಿನ ಬೇಲಿ, ನನ್ನನ್ನು ನೋಡಿ ಅವನು ಬೇಲಿ ತೆಗೆಯುತ್ತಾನೆ, ಮೂಗಿನಮ್ಮ ಬಂದಳು ಎಂದು ನಗುತ್ತಾನೆ, ಹಿಂದೆ ಇಕ್ಕಳ ಹಿಡಿದವರು, ಹೊರಗಿನವರು ಬಂದರಲ್ಲ, ಹೊಸ ಬೋರಿಯ ಕಿವಿಯ ಮೇಲೆ ಅಂಗೈ ಇಡುತ್ತಾನೆ, ಇಟ್ಟೇ ಇಡುತ್ತಾನೆ, ವರ್ಷ ತುಂಬಿಲ್ಲ, ಅವರು ನನ್ನ ಮುಖ ನೋಡುತ್ತಾರೆ, ಅವನೂ ನೋಡುತ್ತಾನೆ, ಕೈ ತೆಗಿ ಯರ್ರಪ್ಪಾ, ನಾನೇ ಹೇಳಬೇಕು, ಎಲ್ಲಿಂದ ಶುರು ಮಾಡಲಿ, ಕೈ ತೆಗಿ, ಅವ್ವ ಮತ್ತೆ ಕೂಗುತ್ತಿದ್ದಾಳೆ, ಪರದೆಯ ಮೇಲೆ ಫೋಟೋ ತೆರೆದೇ ಇದೆ, ಮುಚ್ಚಲು ಕೈ ಹೋಗುತ್ತಿಲ್ಲ, ಕಿವಿಯ ಮೇಲೆ ಅಂಗೈ, ಉಗುರಿನಲ್ಲಿ ಮಣ್ಣು, ಒತ್ತಿ ಹಿಡಿದಿಲ್ಲ, ಮಲಗಿದ ಮಗುವಿಗೆ ಇಟ್ಟ ಹಾಗೆ ಇಟ್ಟಿದ್ದಾನೆ, ಕೈ ತೆಗಿ ಯರ್ರಪ್ಪಾ, ಕಿವಿಯ ಮೇಲೆ ಅಂಗೈ, ಕಿವಿಯ ಮೇಲೆ ಅಂಗೈ —